ಹಲಗೆಯ ಮೇಲಿನ ಕೆಂಪು ಗೆರೆ

ಆಗ ನನಗೆ ಅರವತ್ತಾರು. ಏಳು ವರ್ಷದ ಹಿಂದಿನ ಮಾತು. ಹೊಸಹಳ್ಳಿಯಲ್ಲಿ ರಸ್ತೆ ಬದಿಗೆ ನನ್ನ ಹೂವಿನ ಹಲಗೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ಅಳೆದ ಮೇಲೆ ಇನ್ನೊಂದಿಷ್ಟು ಕೊಸರು ಬಿಟ್ಟು ಕತ್ತರಿಸುವುದು ಈ ಕಸುಬಿನ ಮರ್ಯಾದೆ. ಇದು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಕೊಡುವವಳಿಗೂ ಗೊತ್ತು, ಕೊಳ್ಳುವವಳಿಗೂ ಗೊತ್ತು.

ನನ್ನ ತಂಗಿಯ ಮಗಳು ಮಂಗಳಾಗೆ ಮಾತ್ರ ಗೊತ್ತಿರಲಿಲ್ಲ. ಮೂವತ್ತು ದಾಟಿದವಳು, ಮೂರು ಕಡೆ ಕೆಲಸ ಕಳೆದುಕೊಂಡು, ತನ್ನ ಮನೆಯಿಂದ ದಿನಾ ನನ್ನ ಹತ್ತಿರ ಕೆಲಸಕ್ಕೆ ಬರುತ್ತಿದ್ದಳು. ಡಾಕ್ಟರು ಆಟಿಸಂ ಎಂದು ಬರೆದುಕೊಟ್ಟಿದ್ದರು. ನಾನು ಅದನ್ನು ಮೊಂಡುತನ ಎಂದು ಓದಿಕೊಂಡಿದ್ದೆ. ಅವಳು ಕಟ್ಟಿದ ಮಲ್ಲಿಗೆಯಲ್ಲಿ ಒಂದು ಮೊಗ್ಗೂ ಓರೆಯಾಗುತ್ತಿರಲಿಲ್ಲ. ಆದರೆ ಮಾರಲು ಕೂತರೆ ಮೊಳಕ್ಕೆ ಸರಿಯಾಗಿ ಕತ್ತರಿ ಹಾಕುವಳು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಜನ ಮುತ್ತಿದ್ದಾಗ, ಒಬ್ಬ ಹೆಂಗಸು ರೇಗಿದಳು. “ನಾಲ್ಕು ಹೂ ಜಾಸ್ತಿ ಬಿಟ್ರೆ ನಿಮ್ಮ ಆಸ್ತಿ ಕರಗೋಗುತ್ತಾ?”

“ಆಸ್ತಿ ಇಲ್ಲ. ಮೊಳ ಕೇಳಿದ್ರಿ, ಮೊಳ ಕೊಟ್ಟೆ,” ಎಂದಳು ಮಂಗಳಾ.

“ತಲೆ ಸರಿಯಿಲ್ದೋರನ್ನ ಯಾಕಜ್ಜಿ ಕೂರಿಸ್ಕೋತೀರ?” ಎಂದು ಆಕೆ ಹೂವನ್ನು ಹಲಗೆಯ ಮೇಲೆ ಎಸೆದು ಹೋದಳು.

ನನಗೂ ಪಿತ್ತ ನೆತ್ತಿಗೇರಿತ್ತು. “ನಾಳೆಯಿಂದ ಬರಬೇಡ ಕಣೇ,” ಎಂದೆ.

ಅವಳು ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. “ದೊಡ್ಡಮ್ಮ, ಕೊಸರು ಅಂದ್ರೆ ಎಷ್ಟು? ಹೇಳಿ, ಅಷ್ಟೇ ಕೊಡ್ತೀನಿ. ಸೋಮವಾರ ಟೀಚರಮ್ಮಂಗೆ ಒಂದು ಗೇಣು ಬಿಟ್ರಿ. ಅವರ ಹಿಂದೆ ಬಂದೋರಿಗೆ ಎರಡೇ ಬೆರಳು.”

ನಲವತ್ತು ವರ್ಷ ಮುಖ ನೋಡಿ ಅಳೆದು, ಅದನ್ನೇ ಕೈಗುಣ ಎಂದುಕೊಂಡವಳು ನಾನು.

ನೋಡಿ, ಹೇಳದೆ ತಿಳಿಯುವವರಿಗೆಂದೇ ನಾವು ಈ ಲೋಕವನ್ನು ಸಜ್ಜು ಮಾಡಿಕೊಂಡಿದ್ದೇವೆ. ‘ಊಟಕ್ಕೆ ಬನ್ನಿ’ ಎಂದರೆ ಯಾವಾಗ ಹೋಗಬೇಕು, ಯಾವಾಗ ನಕ್ಕು ಸುಮ್ಮನಾಗಬೇಕು ಎಂಬುದಕ್ಕೂ ಎಲ್ಲೂ ಬರಹವಿಲ್ಲ. ತಿಳಿಯದವರನ್ನು ತಲೆ ಸರಿಯಿಲ್ಲದವರು ಎನ್ನುತ್ತೇವೆ; ಬಾಯಿಬಿಟ್ಟು ಹೇಳುವ ಕಷ್ಟ ನಮಗೆ ಬೇಡ. ಆ ಹೊತ್ತು ನನಗೆ ಕರುಣೆ ಉಕ್ಕಿತು ಎಂದರೆ ಸುಳ್ಳು. ನನ್ನ ಅಳತೆಯೇ ಸರಿಯಿಲ್ಲ ಅನ್ನಿಸಿತು, ಅಷ್ಟೆ.

ಮರುದಿನ ಬೆಳಿಗ್ಗೆ, ಗೇಟಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ತಂದು, ಹಲಗೆಯ ಮೇಲೆ ಮೊಳದ ಆಚೆ ನಾಲ್ಕು ಬೆರಳಿಟ್ಟು ಒಂದು ಗೆರೆ ಎಳೆದೆ. ಆಮೇಲೆ ಮಂಗಳಾಗೆ ಫೋನು ಮಾಡಿ, ಬಂದು ಕೂರು, ಎಲ್ಲರಿಗೂ ಆ ಗೆರೆಯವರೆಗೆ, ಟೀಚರಮ್ಮನಿಗೂ ಅಷ್ಟೇ ಎಂದೆ.