ದೋಣಿ ಆಟಕ್ಕೆ ಬಿದ್ದ ಹುರುಳಿಕಾಳು

ಹೋದ ತಿಂಗಳು ಪಾಂಡವಪುರದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಾವು ನಾಲ್ಕು ಜನ ಇದ್ದೆವು. ನಾನು, ಪಿಯುಸಿ ಓದುವ ನನ್ನ ಮಗಳು, ಗಾಜಿನ ಮೇಜಿನ ಹಿಂದೆ ಕೂತಿದ್ದ ರಿಪೇರಿಯವನು, ಮತ್ತೆ ಬಟನ್ ಫೋನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದ ಒಬ್ಬ ಅಜ್ಜಿ. ಮಗಳ ಫೋನಿಗೆ ಚಾರ್ಜ್ ಏರುತ್ತಿರಲಿಲ್ಲ. ಅವನು ಅದನ್ನು ಬಿಚ್ಚುತ್ತಾ, ಒಳಗೆ ಎಷ್ಟು ಗೇಮ್ ತುಂಬಿದ್ದೀಯ ಎಂದು ಕೇಳಿದ್ದೇ ನೆಪ. ಇಬ್ಬರಿಗೂ ವಾದ ಹತ್ತಿಕೊಂಡಿತು. ಯಾವ ಗೇಮ್ ಮೇಲು, ಯಾವುದು ದಂಡ, ಯಾವುದು ಚೆನ್ನಾಗಿದ್ದೂ ಯಾರ ಕಣ್ಣಿಗೂ ಬಿದ್ದಿಲ್ಲ... ಇದೇ.

"ಅದನ್ನ ಯಾರಣ್ಣ ಆಡ್ತಾರೆ? ಬರೀ ಬೋರು," ಅಂದಳು ಮಗಳು.

"ಗೇಮ್ ಚೆನ್ನಾಗೇ ಅದೆ. ಆಡೋರ್ಗೆ ತಾಳ್ಮೆ ಇಲ್ಲ ಅಷ್ಟೇಯ."

ಅಜ್ಜಿಗೆ ರೇಗಿತು. "ನಿಮ್ ಆಟದ ಮನೆ ಆಳಾಗೋಗ! ಮೊದ್ಲು ನನ್ ಪೋನ್ ನೋಡ್ಲಾ. ನನ್ ಮಗಳು ಅಲ್ಲಿಂದ ಕೂಗ್ತಾ ಅವ್ಳೆ, ಇಲ್ಲಿ ನಂಗೆ ಕೇಳ್ತಾ ಇಲ್ಲ."

ಅವನು ನಗುತ್ತಾ ಸೋಲ್ಡರ್ ಕಡ್ಡಿಯ ಕಾದ ತುದಿಯನ್ನು ಸೀಸದ ತಂತಿಗೆ ಮುಟ್ಟಿಸಿದ. ಎಳೆಯಷ್ಟು ಬಿಳಿ ಹೊಗೆ ಎದ್ದಿತು. ಸುಟ್ಟ ರಾಳದ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿ ಇರಲಿಲ್ಲ. ಕೆ.ಆರ್. ಪೇಟೆಯ ಒಂದು ಓಣಿಯಲ್ಲಿ, ಹಲಗೆ ಬಾಗಿಲಿನ ಅಂಗಡಿಯೊಳಗೆ, ರಿಪೇರಿ ಅಣ್ಣನ ಎದುರು ಕೂತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಆಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಪೇಟೆಗೆ ಹತ್ತಿರದ ಹಳ್ಳಿಯೊಂದರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಡುವುದು. ಆ ಗಾಜಿನ ಬುರುಡೆ ತೇಲಿದರೆ ಹಾಲು ಗಟ್ಟಿ, ಮುಳುಗಿದರೆ ನೀರು ಬೆರೆತಿದೆ ಅಂತ ಲೆಕ್ಕ. ಅದು ಮುಳುಗಿದ ದಿನ ಊರಿನವರ ಬೈಗುಳ ತಿನ್ನುವುದೂ ಕೆಲಸದ ಒಂದು ಭಾಗವೇ ಅನ್ನಿ. ನಡುವಿನ ಹೊತ್ತೆಲ್ಲ ಖಾಲಿ. ಆ ಖಾಲಿ ಹೊತ್ತು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದದ್ದು ರಿಪೇರಿ ಅಣ್ಣನ ಅಂಗಡಿಗೆ.

ಅಣ್ಣನದು ಟಿ.ವಿ. ರಿಪೇರಿ. ವಯಸ್ಸು ಐವತ್ತರ ಹತ್ತಿರ. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಮೇಲೆ ಸಣ್ಣ ಸ್ಕ್ರೂಡ್ರೈವರು. ಸುತ್ತಲ ಹಳ್ಳಿಗಳಿಂದ ಜನ ಗೋಣಿಚೀಲದಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಗೆ ತರುವ ಹಾಗೆ ಟಿ.ವಿ. ಹೊತ್ತು ತರುತ್ತಿದ್ದರು. ರಿಪೇರಿಯಾದ ಟಿ.ವಿ.ಯ ಬಣ್ಣ ಸರಿಯಾಗಿ ಬರುತ್ತಿದೆಯೇ ಎಂದು ನೋಡುವುದಕ್ಕೆ ಅವರು ಮೈಸೂರಿನಿಂದ ಒಂದು ವಿಡಿಯೋ ಗೇಮ್ ಪೆಟ್ಟಿಗೆ ತಂದಿಟ್ಟುಕೊಂಡಿದ್ದರು. ನೋಡಲು ಬಂದವರು ಆಡಲು ಕೂತರು. ಆಡಿದವರು ಮಾರನೇ ದಿನವೂ ಬಂದರು. ಕೊನೆಗೆ ಅಣ್ಣ ಹಿಂದುಗಡೆ ಒಂದು ಹಲಗೆ ಅಡ್ಡ ನಿಲ್ಲಿಸಿ, ಮಾಲೀಕರು ತಿರುಗಿ ನೋಡದೆ ಬಿಟ್ಟುಹೋದ ಒಂದು ಕಲರ್ ಟಿ.ವಿ. ಇಟ್ಟು, ನಮಗೇ ಒಂದು ಮೂಲೆ ಮಾಡಿಕೊಟ್ಟರು.

ನಮಗೇ ಅಂದರೆ, ಅವರೂ ಸೇರಿ ಒಂಬತ್ತು ಜನ. ಅದರಲ್ಲಿ ದಿನವೂ ತಪ್ಪದವರು ಇಬ್ಬರು. ನಾನೊಬ್ಬ, ನಾಗಮಂಗಲದ ಕಡೆಯಿಂದ ಬರುವ ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬ. ಅವನ ಬಸ್ಸು ಪೇಟೆಯಲ್ಲಿ ಎರಡು ಗಂಟೆ ನಿಲ್ಲುತ್ತಿತ್ತು. ಚರ್ಮದ ಚೀಲವನ್ನು ಕೊರಳಿಂದ ತೆಗೆಯದೆಯೇ ಕೂತು ಕಾರು ಓಡಿಸುತ್ತಿದ್ದ. ತಿರುವು ಬಂದಾಗ ಅವನ ಜೊತೆ ಚೀಲವೂ ವಾಲುತ್ತಿತ್ತು.

ಗೇಮಿನ ಕ್ಯಾಸೆಟ್ಟುಗಳು ಏಳೋ ಎಂಟೋ ಇದ್ದವು. ಒಂದು ಹಳೆಯದನ್ನು ಮೈಸೂರಿನ ಅಂಗಡಿಗೆ ಕೊಟ್ಟರೆ ಮಾತ್ರ ಇನ್ನೊಂದು ಬರುತ್ತಿತ್ತು. ಯಾವುದನ್ನು ಕೊಡುವುದು? ಒಬ್ಬನಿಗೆ ಬೇಕಾದದ್ದು ಇನ್ನೊಬ್ಬನಿಗೆ ಬೇಡ. ದಿನವೂ ಜಗಳ ಕೇಳಿ ಸಾಕಾಗಿ ಅಣ್ಣ ಒಂದು ಕಟ್ಟಲೆ ಮಾಡಿದರು.

ಅಮಾವಾಸ್ಯೆಯ ದಿನ ಅವರು ಸೋಲ್ಡರ್ ಕಡ್ಡಿ ಮುಟ್ಟುತ್ತಿರಲಿಲ್ಲ. ಅಂಗಡಿಗೆ ನೀರು ಹಾಕಿ, ನಿಂಬೆಹಣ್ಣು ಕಟ್ಟಿ, ಪೂಜೆ ಮುಗಿಸಿ, ಕ್ಯಾಸೆಟ್ಟುಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಜೋಡಿಸುವರು. ಪ್ರತಿಯೊಂದರ ಮುಂದೆ ಒಂದು ಡಬ್ಬಿ ಮುಚ್ಚಳ. ನಮಗೆಲ್ಲ ತಲಾ ಮೂರು ಕಾಳು: ಒಂದು ಅವರೆಕಾಳು, ಒಂದು ಹುಣಸೆಬೀಜ, ಒಂದು ಹುರುಳಿ. ಅವರೆ, ನಮಗೆ ಅತಿ ಮೆಚ್ಚಿನ ಆಟಕ್ಕೆ. ಅದಕ್ಕೆ 'ರಾಜ' ಅಂತ ಹೆಸರು. ಹುಣಸೆಬೀಜ, ಗುಣವಿದ್ದೂ ಯಾರೂ ಕೇಳದ ಆಟಕ್ಕೆ, ಅದು 'ಬಡಪಾಯಿ'. ಹೆಚ್ಚು ಹುಣಸೆಬೀಜ ಬಿದ್ದ ಬಡಪಾಯಿಯನ್ನು ಆ ವಾರ ಎಲ್ಲರೂ ಒಂದು ಸಲವಾದರೂ ಆಡಬೇಕು. ಹುರುಳಿ, ಕಂಡರಾಗದ್ದಕ್ಕೆ. ಹೆಚ್ಚು ಹುರುಳಿ ಬಿದ್ದದ್ದು 'ಶನಿ'. ಶನಿ ಮುಂದಿನ ವಾರ ಮೈಸೂರಿನ ಬಸ್ಸು ಹತ್ತಲೇಬೇಕು. ಒಬ್ಬೊಬ್ಬರೇ ಹಲಗೆಯ ಹಿಂದೆ ಹೋಗಿ ಹಾಕಿ ಬರುವುದು. ಎಣಿಸುವವರು ಅಣ್ಣ.

ರಾಜನ ಪಟ್ಟ ಯಾವಾಗಲೂ ಕಾರಿನ ಆಟಕ್ಕೆ. ಅದಕ್ಕೆ ಎದುರಾಳಿಯೇ ಇರಲಿಲ್ಲ. ಆದರೆ ಪ್ರತಿ ಅಮಾವಾಸ್ಯೆ ದೋಣಿ ಆಟದ ಮುಂದೆ ಒಂಟಿ ಹುಣಸೆಬೀಜ ಬಿದ್ದಿರುತ್ತಿತ್ತು. ಅದು ಅಣ್ಣನದೇ ಎಂದು ಎಲ್ಲರಿಗೂ ಗೊತ್ತು.

ಆ ದೋಣಿ ಆಟವನ್ನು ಏನೆಂದು ಹೇಳಲಿ... ಒಂದು ಹಳದಿ ದೋಣಿ. ಹಾವಿನ ಹಾಗೆ ಹರಿಯುವ ಇಕ್ಕಟ್ಟಾದ ಹೊಳೆ. ಎರಡೂ ಕಡೆ ಬಂಡೆ. ಗುಂಡಿಲ್ಲ, ಶತ್ರುವಿಲ್ಲ, ಸಂಗೀತವೂ ಇಲ್ಲ. ಬೆರಳನ್ನು ಕೂದಲೆಳೆಯಷ್ಟು ಒತ್ತುತ್ತಾ, ಎಲ್ಲಿಯೂ ತಗುಲದ ಹಾಗೆ ದೋಣಿಯನ್ನು ಆಚೆ ದಡಕ್ಕೆ ಒಯ್ಯಬೇಕು. ಬಂಡೆಗೆ ಸೋಕಿದರೆ ಮುಳುಗಡೆ. ದಾಟಿದರೂ ಏನೂ ಆಗುವುದಿಲ್ಲ. ಇನ್ನೊಂದು ಹೊಳೆ ಬರುತ್ತದೆ ಅಷ್ಟೇ. ಕಂಡಕ್ಟರ್ ಅದನ್ನು ಒಂದೇ ಒಂದು ಸಲ ಆಡಿ, "ಇದೇನಣ್ಣ, ಎಮ್ಮೆ ತೊಳಿಯಕ್ ಓದಂಗದೆ!" ಎಂದು ಎದ್ದುಬಿಟ್ಟಿದ್ದ.

ಒಂದು ದಿನ ಅವನೇ ಸುದ್ದಿ ತಂದ. ಮೈಸೂರಿನ ಅಂಗಡಿಗೆ ಇಬ್ಬರು ಒಟ್ಟಿಗೆ ಓಡಿಸುವ ಬೈಕಿನ ಆಟ ಬಂದಿದೆಯಂತೆ.

"ಲೇ ಡೇರಿ, ಈ ಸಲ ಆ ದೋಣಿನ ಮುಳುಗಿಸ್ಬುಡವ ಕಣ್ಲಾ. ಎಂಗಿದ್ರೂ ಬೇರೇವುಕ್ಕೆಲ್ಲ ಒಬ್ಬೊಬ್ಬ ಗಿರಾಕಿ ಅವ್ನೆ."

ನಾನು ಹೂಂ ಅಂದೆ. ಹೂಂ ಅಂದು ಸುಮ್ಮನಾಗಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಮನೆಯ ಮಡಕೆಯಿಂದ ಒಂದು ಚಿಟಿಕೆ ಹುರುಳಿ ಜೇಬಿಗೆ ಹಾಕಿಕೊಂಡೆ. ನನ್ನ ಸರದಿ ಬಂದಾಗ ಹಲಗೆಯ ಹಿಂದೆ ಹೋಗಿ ಅಷ್ಟನ್ನೂ ದೋಣಿಯ ಮುಚ್ಚಳಕ್ಕೆ ಸುರಿದೆ. ಹಾಲಿಗೆ ನೀರು ಬೆರೆಸಿದವರನ್ನು ದಿನವೂ ಹಿಡಿಯುವವನು ನಾನು. ಆ ಹೊತ್ತು ನನಗೆ ಅದು ನೆನಪಾಗಲಿಲ್ಲ.

ಅಣ್ಣ ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡು, ಬೆಂಚಿನ ಮೇಲೆ ನೋಡುತ್ತಾ, "ಆಯ್ತು ಬುಡಿ. ಎಲ್ರೂ ಸೇರಿ ಹೇಳುದ್ ಮೇಲೆ ಮುಗೀತು. ದೋಣಿನೇ ಶನಿ," ಅಂದರು. ಅಷ್ಟೇ.

ಬೈಕಿನ ಆಟ ಬಂತು. ನಾವು ಮೈಮರೆತೆವು. ಅಣ್ಣನ ಬೆಂಚಿನ ಮೇಲೆ ಟಿ.ವಿ.ಗಳು ರಾಶಿಯಾಗುತ್ತಾ ಹೋದದ್ದು ಮೊದಮೊದಲು ನಮಗೆ ಕಾಣಲೇ ಇಲ್ಲ. ಬಂದವರಿಗೆ "ಪಾರ್ಟು ಸಿಕ್ಕಿಲ್ಲ, ಮುಂದಿನ್ ವಾರ ಬನ್ನಿ" ಎನ್ನುತ್ತಿದ್ದರು. ಮುಂದಿನ ವಾರವೂ ಅದೇ ಮಾತು. ಒಂದು ಮಧ್ಯಾಹ್ನ, ಮದುವೆಗೆ ಕೊಟ್ಟ ಹೊಚ್ಚಹೊಸ ಟಿ.ವಿ. ಒಂದನ್ನು ಬಿಚ್ಚಿಕೊಂಡು ಕೂತಿದ್ದರು. ಆಚೆ ಮದುವೆ ಹುಡುಗಿಯ ತಂದೆ ಕಾಯುತ್ತಿದ್ದ. ನಾನು ನೀರು ಕುಡಿಯಲು ಎದ್ದವನು ನೋಡಿದೆ. ಅವರ ಬಲಗೈಯಲ್ಲಿದ್ದ ಕಡ್ಡಿ ನಡುಗುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡರು. ಆದರೂ ತುದಿ ಜಾರಿತು. ಟಿ.ವಿ.ಯೊಳಗಿನ ಹಸಿರು ಹಲಗೆಯ ಮೇಲಿನ ತಾಮ್ರದ ಗೆರೆ ಸುಟ್ಟು ಕಪ್ಪಾಯಿತು. ಅಣ್ಣ ಕಡ್ಡಿಯ ಪ್ಲಗ್ಗನ್ನು ಕಿತ್ತು, ಎದ್ದು ಹೋಗಿ ಆ ಯಜಮಾನನ ಮುಂದೆ ಕೈಮುಗಿದರು. ಆತ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಅಂಗಡಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಂದು ಕಾಫಿ ಲೋಟ ಕೊಡುವಾಗ ಅಕ್ಕ ನನ್ನ ಮುಖ ನೋಡಲಿಲ್ಲ.

"ಬೆಳಿಗ್ಗೆ ಎದ್ದೇಟ್ಗೆ ಆ ದೋಣಿ ಹಾಕ್ಕೊಂಡು ಕೂರೋರು ಕಣಪ್ಪ," ಅಂದರು. "ತಗುಲ್ದಂಗೆ ದಾಟುದ್ರೆ, ಇವತ್ತು ಕೈ ನೆಟ್ಗದೆ ಅಂತ ಕಡ್ಡಿ ಇಡಿಯೋರು. ಮುಳುಗುದ್ರೆ ಅವತ್ತು ಬರೀ ವೈರು, ಸ್ವಿಚ್ಚು, ಅಂಥ ಕೆಲ್ಸ. ಎರಡ್ ವರ್ಸದಿಂದ ಇಂಗೇ ನಡೀತಿತ್ತು. ಯಾರ್ಗೂ ಹೇಳ್ಬೇಡ ಅಂದಿದ್ರು. ಈಗ ಕೈ ಇವತ್ತೆಂಗದೆ ಅಂತ ಅವ್ರಿಗೂ ಗೊತ್ತಾಗಾಕಿಲ್ಲ..."

ನನ್ನ ಜೇಬಿನ ಹೊಲಿಗೆಯಲ್ಲಿ ಇನ್ನೂ ಎರಡು ಹುರುಳಿ ಸಿಕ್ಕಿಕೊಂಡಿದ್ದವು. ಅಂಗಿ ಒಗೆದರೂ ಹೋಗಿರಲಿಲ್ಲ.

ಮಾರನೇ ದಿನವೇ ಮೈಸೂರಿಗೆ ಹೋದೆ. ಅಂಗಡಿಯವನು, ಆ ಕ್ಯಾಸೆಟ್ಟನ್ನು ಶ್ರೀರಂಗಪಟ್ಟಣದ ಒಬ್ಬರು ತೆಗೆದುಕೊಂಡು ಹೋದರು ಎಂದು ಗುರುತು ಹೇಳಿದ. ಆ ಮನೆ ಹುಡುಕುವುದಕ್ಕೆ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಬೀಗ. ಮನೆಯವರೆಲ್ಲ ಕರಿಘಟ್ಟದ ದೇವಸ್ಥಾನಕ್ಕೆ ಹೋಗಿದ್ದರು. ಎರಡನೇ ಸಲ ಒಬ್ಬಳು ಪುಟ್ಟ ಹುಡುಗಿ ಬಾಗಿಲು ತೆಗೆದಳು. ದೋಣಿ ಅಂದ ತಕ್ಷಣ ಒಳಗೆ ಓಡಿ ತಂದು ನನ್ನ ಕೈಗೆ ತುರುಕಿ, "ತಗೊಂಡೋಗಿ ಅಂಕಲ್, ನಮ್ಗೆ ಬೇಡ್ವೇ ಬೇಡ," ಅಂದಳು. ಬದಲಿಗೆ ನಾನು ದುಡ್ಡು ಕೊಟ್ಟು ಕೊಂಡು ಒಯ್ದಿದ್ದ ಬೇರೆ ಕ್ಯಾಸೆಟ್ಟು ನೋಡಿ ಕುಣಿದಳು. ಎಲ್ಲಿ ಹೋದರೂ ಅದಕ್ಕೆ ಹುರುಳಿಯೇ.

ಅಷ್ಟರಲ್ಲಿ ಮೂರು ವಾರ ಕಳೆದಿತ್ತು. ನಾನು ಬೆಳಗಿನ ಹಾಲು ಮುಗಿಸಿ, ಅಂಗಡಿ ತೆರೆಯುವ ಮೊದಲೇ ಹೋದೆ. ಅಣ್ಣ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡರು. ಹಾಕಿದರು. ಕೂತರು. ದೋಣಿ ಮೂರನೇ ತಿರುವಿನಲ್ಲಿ ಬಂಡೆಗೆ ಬಡಿಯಿತು. ಮತ್ತೆ ಬಿಟ್ಟರು. ಎರಡನೇ ತಿರುವು. ಆಮೇಲೆ ಮೊದಲನೆಯದೇ. ಅವರು ಆಟದ ಗುಂಡಿಗಳ ಹಿಡಿಕೆಯನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನೀನು ಹಾಲಿಗೆ ಬುಡ್ತೀಯಲ್ಲ ಬುರುಡೆ, ಅಂಗೇ ಕಣ್ಲಾ ಇದು ನಂಗೆ. ಬುರುಡೆ ತಳ ಕಂಡ್ಬುಡ್ತು."

"ಅಣ್ಣ, ಅವತ್ತು ಹುರುಳಿ..."

"ಗೊತ್ತು ಬುಡ್ಲಾ. ಒಂಬತ್ತು ಜನ, ಹದಿಮೂರು ಹುರುಳಿ. ಮುಚ್ಚಳದಲ್ಲೇ ಮರಿ ಹಾಕ್ತಾ ಅವು?" ನಕ್ಕರು. ನನಗೆ ನಗು ಬರಲಿಲ್ಲ.

"ಮತ್ತೆ ಯಾಕಣ್ಣ ಕೊಟ್ರಿ? ಒಂದ್ ಮಾತು ಕೇಳಿದ್ರೆ..."

ಪರದೆಯ ಮೇಲೆ ಮುಳುಗಿದ ದೋಣಿ ಮಿನುಗುತ್ತಲೇ ಇತ್ತು.

"ಕೇಳುದ್ರೆ ಅದು ಯಾಕ್ ಬೇಕು ಅಂತ ನಾನ್ ಹೇಳ್ಬೇಕಲ್ಲ. ಅದೂ ಅಲ್ದೆ... ದಿನಾ ಬೆಳಿಗ್ಗೆ ಎದ್ದು ಎದ್ರುಕೊಂಡು ಕೂರದು ಸಾಕಾಗಿತ್ತು ಕಣ್ಲಾ. ಅದೊಂದು ಇಲ್ದೇ ಓದ್ರೆ ನೆಮ್ದಿ ಅಂದ್ಕಂಡೆ. ಇಲ್ದೇ ಓದ್ ಮೇಲೆ ಇನ್ನೂ ಎದ್ರಿಕೆ ಆಯ್ತು."

ದೋಣಿ ಇದ್ದಿದ್ದರೂ ಅವರ ಕೈ ನಡುಗುವುದು ನಿಲ್ಲುತ್ತಿರಲಿಲ್ಲ, ನಿಜ. ಆದರೆ ಆ ಮದುವೆ ಟಿ.ವಿ.ಯ ದಿನ ಬೆಳಿಗ್ಗೆ ದೋಣಿ ಮುಳುಗಿರುತ್ತಿತ್ತು, ಅವರು ಕಡ್ಡಿ ಮುಟ್ಟುತ್ತಿರಲಿಲ್ಲ, ಯಾರ ಮುಂದೆಯೂ ಕೈಮುಗಿಯಬೇಕಾಗಿರಲಿಲ್ಲ. ನಾನು ಸುರಿದ ಹುರುಳಿ ಅವರಿಂದ ಕಿತ್ತುಕೊಂಡದ್ದು ಅದನ್ನು.

ಮುಂದಿನ ಅಮಾವಾಸ್ಯೆಗೆ ಮತ್ತೆ ಬೆಂಚಿನ ಮೇಲೆ ಸಾಲು. ನಾನು ಕಂಡಕ್ಟರನಿಗೆ ವಿಷಯ ಹೇಳಿದ್ದೆ. ಅವನು ಉಳಿದವರ ಕಿವಿಗೆ ಹಾಕಿದ್ದ. ದೋಣಿಯ ಮುಚ್ಚಳದಲ್ಲಿ ಎಂಟು ಹುಣಸೆಬೀಜ ಬಿದ್ದವು. ಅಷ್ಟು ದೊಡ್ಡ ಬಡಪಾಯಿಯನ್ನು ಆ ಬೆಂಚು ಕಂಡೇ ಇರಲಿಲ್ಲ. ಕೊನೆಯಲ್ಲಿ ಅಣ್ಣ ಹಲಗೆಯ ಹಿಂದೆ ಹೋಗಿ ಬಂದರು. ಎಣಿಸುವಾಗ ಎಂಟು ಹುಣಸೆಬೀಜದ ನಡುವೆ ಒಂದು ಹುರುಳಿ ಇತ್ತು. ಆ ದಿನ ಬೇರೆ ಯಾವ ಆಟಕ್ಕೂ ಹುರುಳಿ ಬಿದ್ದಿರಲಿಲ್ಲ. ನಮಗ್ಯಾರಿಗೂ ಹಾಕುವ ಮನಸ್ಸಾಗಿರಲಿಲ್ಲ.

"ಒಂದೇ ಆದ್ರೂ ಅದೇ ಎಚ್ಚು," ಅಂದರು ಅಣ್ಣ. "ಕಟ್ಲೆ ಅಂದ್ರೆ ಕಟ್ಲೆ."

ದೋಣಿ ಮೈಸೂರಿಗೆ ಹೋಯಿತು. ಬದಲಿಗೆ ಅವರು ಏನನ್ನೂ ತರಲಿಲ್ಲ. ಕಡ್ಡಿಯನ್ನೂ ಮತ್ತೆ ಮುಟ್ಟಲಿಲ್ಲ. ಅಂಗಡಿಯಲ್ಲಿ ವೈರು, ಬಲ್ಬು, ಆಂಟೆನಾ ಮಾರುತ್ತಾ ಕೆಲವು ವರ್ಷ ಕೂತಿದ್ದರು. ನಾನು ನಾಗಮಂಗಲದ ಹತ್ತಿರ ಹೊಣಕೆರೆಯ ಕಡೆಯ ಡೇರಿಗೆ ಹೋದೆ, ಮದುವೆಯಾದೆ, ಪೇಟೆಯ ಕಡೆ ಹೋಗುವುದು ಕಡಿಮೆಯಾಯಿತು. ಅವರು ತೀರಿಕೊಂಡ ಸುದ್ದಿ ಕಂಡಕ್ಟರನಿಂದ ತಿಳಿದಾಗ ತಿಥಿಯೂ ಮುಗಿದಿತ್ತು. ಹೋಗಿ ಅಕ್ಕನನ್ನು ಮಾತಾಡಿಸಬೇಕು ಅಂದುಕೊಂಡೆ... ಅಂದುಕೊಂಡದ್ದಷ್ಟೇ.

ಪಾಂಡವಪುರದ ಅಂಗಡಿಯಲ್ಲಿ ಹೊಗೆ ಆರಿತ್ತು. ರಿಪೇರಿಯವನ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅದನ್ನೇ ನೋಡುತ್ತಾ ನಿಂತಿದ್ದೆ. ಅವನು ಫೋನನ್ನು ಮಗಳ ಕೈಗೆ ಕೊಟ್ಟು, ಅಜ್ಜಿಯ ಫೋನ್ ಬಿಚ್ಚುತ್ತಾ, "ನಿಮ್ಗೆ ಯಾವ್ ಗೇಮ್ ಇಷ್ಟ ಸಾರ್?" ಎಂದು ಸುಮ್ಮನೆ ಕೇಳಿದ.

"ಒಂದು ದೋಣಿದಿತ್ತಪ್ಪ," ಅಂದೆ.

ಮಗಳು ಅಲ್ಲೇ ನಿಂತು ಹುಡುಕಿದಳು. ಬೇಕಾದಷ್ಟು ದೋಣಿಗಳು ಬಂದವು. ಒಂದೊಂದನ್ನೇ ತೋರಿಸುತ್ತಾ "ಇದಾ? ಇದಾ?" ಎಂದಳು. ಯಾವುದೂ ಅದಲ್ಲ. ಅಷ್ಟರಲ್ಲಿ ನಾಗಮಂಗಲದ ಬಸ್ಸು ಬಂತು. ಹತ್ತಿ ಕೂತೆವು.