ಒಪ್ಪತ್ತಿನ ಮಾತ್ರೆ

ಕ್ಯಾಲನೂರಿನ ಮುನಿಯಲ್ಲಮ್ಮನಿಗೆ ಸಿಟ್ಟು ಜಾಸ್ತಿ ಎನ್ನುತ್ತಾರೆ. ಸಿಟ್ಟು ಬರದೆ ಇನ್ನೇನು ಬರಬೇಕು? ಎರಡು ವರ್ಷದ ಹಿಂದೆ ಹೊಟ್ಟೆ ಕೊಯ್ಸಿಕೊಂಡು ತನ್ನದೊಂದು ಕಿಡ್ನಿಯನ್ನು ತಮ್ಮನಿಗೆ ಕೊಟ್ಟವಳು ಆಕೆ. ಆ ಪುಣ್ಯಾತ್ಮ ಅದನ್ನು ನೋಡಿಕೊಂಡ ಚಂದ ಕೇಳಿದರೆ ನನಗೂ ಮೈ ಉರಿಯುತ್ತದೆ.

ತಮ್ಮ ಕದಿರೇಶ ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹ ಕೆತ್ತುವವನು. ಎರಡೂ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಅಕ್ಕನ ಕಿಡ್ನಿಯನ್ನು ಕೆಳಹೊಟ್ಟೆಯಲ್ಲಿ ಕೂರಿಸಿದ ಮೇಲೆ ಮತ್ತೆ ಉಳಿ ಹಿಡಿದ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಒಡಹುಟ್ಟಿದವರದೇ ಆದರೂ ನಿಮ್ಮ ಮೈಗೆ ಇದು ಹೊರಗಿನದೇ. ರೋಗಾಣು ಜೊತೆ ಹೊಡೆದಾಡೋ ಶಕ್ತಿನೇ ಇದರ ಮೇಲೂ ಬೀಳುತ್ತೆ. ಅದನ್ನ ತಡೆಯೋಕೆ ಈ ಮಾತ್ರೆ. ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಈ ಕಿಡ್ನಿ ಇರೋವರೆಗೂ ಬಿಡೋ ಹಾಗಿಲ್ಲ."

ಕದಿರೇಶ ತಲೆಯಾಡಿಸಿದ್ದ. ತಲೆಯಾಡಿಸಿದರೆ ಯಾರಪ್ಪನ ಗಂಟು ಹೋಗುತ್ತದೆ!

ಈಚೆಗೆ ದೊಡ್ಡ ವಿಗ್ರಹವೊಂದರ ಕೆಲಸ ಬಂತು. ದೇವರ ಕಣ್ಣು ಕೆತ್ತಿ ಮುಗಿಸುವವರೆಗೆ ಅವರ ಮನೆಯಲ್ಲಿ ಒಪ್ಪತ್ತು; ರಾತ್ರಿ ಒಂದೇ ಊಟ, ಹಗಲು ನೀರು ಬಿಟ್ಟು ಬಾಯಿಗೇನೂ ಹಾಕುವಂತಿಲ್ಲ. ಅಪ್ಪ, ತಾತ ಎಲ್ಲ ಹಾಗೇ ನಡೆಸಿಕೊಂಡು ಬಂದದ್ದು. ಇವನು ಬೆಳಗಿನ ಮಾತ್ರೆಯನ್ನೂ ಬಿಟ್ಟ, ಹದಿನೈದು ದಿನ! ಹೆಂಡತಿ ಸುನಂದ ಕೇಳಿದರೆ, "ಮೈಯೆಲ್ಲ ಚೆನ್ನಾಗೇ ಐತಲ್ಲೇ" ಎಂದನಂತೆ. ಚೆನ್ನಾಗಿದ್ದದ್ದೇ ಆ ಮಾತ್ರೆಯಿಂದ ಎಂದು ಆ ಜಾಣನಿಗೆ ಹೊಳೆಯಲಿಲ್ಲ.

ವಿಗ್ರಹದ ಕಣ್ಣಿನ ಕೆಲಸ ಮುಗಿದ ವಾರವೇ ಅವನ ಕಾಲು ಊದಿತು, ಮೂತ್ರ ಕಡಿಮೆಯಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸೂಜಿಯಿಂದ ಕಿಡ್ನಿಯ ಚೂರು ತೆಗೆದು ನೋಡಿದರು. ಮೈ ಅದನ್ನು ತಿರಸ್ಕರಿಸಲು ಶುರುಮಾಡಿತ್ತು. ಮೂರು ದಿನ ರಕ್ತನಾಳಕ್ಕೆ ಔಷಧಿ ಏರಿಸಿದ ಮೇಲೆ ಹೇಗೋ ತಹಬಂದಿಗೆ ಬಂತು. "ಹಾಳಾದ ಭಾಗ ಮತ್ತೆ ಸರಿಹೋಗಲ್ಲ. ಉಳಿದಿದ್ದನ್ನ ಕಾಪಾಡ್ಕೊಳ್ಳಿ" ಎಂದರು ಡಾಕ್ಟರಮ್ಮ.

ಡೈರಿಗೆ ಹಾಲು ಹಾಕಿ ಹಾಗೇ ಬಸ್ಸು ಹತ್ತಿ ಬಂದ ಮುನಿಯಲ್ಲಮ್ಮ ಮಂಚದ ಪಕ್ಕ ನಿಂತಳು.

"ತಪ್ಪಾಯ್ತು ಅಕ್ಕ. ದೇವ್ರ ಕೆಲ್ಸ ಅಂತ..." ಎಂದ ಕದಿರೇಶ.

"ಯಾವ ದೇವ್ರು ಬಂದು ಕೇಳಿದ್ನೋ ನಿನ್ನ? ನಾನು ಕೊಟ್ಟಿದ್ದೇನ್ಲಾ, ಟಮೋಟ ಹಣ್ಣಾ, ಕೊಳೆತ್ರೆ ಇನ್ನೊಂದು ಕೊಡಕ್ಕೆ? ನನ್ನ ಹತ್ರ ಉಳಿದಿರೋದು ಒಂದೇ ಕಣೋ!"

ಇಡೀ ವಾರ್ಡು ತಿರುಗಿ ನೋಡಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಡಬ್ಬಿಯಿಂದ ಮಾತ್ರೆ ತೆಗೆದು ಅವನ ಬಾಯಿಗೆ ಹಾಕಿದಳು.

ಈಗ ದಿನಕ್ಕೆರಡು ಸಲ, ಸರಿಯಾಗಿ ಎಂಟಕ್ಕೆ, ಕ್ಯಾಲನೂರಿನಿಂದ ಫೋನು ಹೋಗುತ್ತದೆ. "ನುಂಗಿದೆ ಅಕ್ಕ" ಎಂದರೆ ಅವಳು ನಂಬುವುದಿಲ್ಲ. ಫೋನನ್ನು ಸುನಂದಳ ಕೈಗೆ ಕೊಡಿಸಿ, ಇನ್ನೊಮ್ಮೆ ಕೇಳುತ್ತಾಳೆ.