ಮೇಲಿನ ಖಾನೆ

ಜನ ತಮ್ಮ ಏಳಿಗೆಯನ್ನು ಪಗಾರದಲ್ಲೋ ಹೊಲದಲ್ಲೋ ಅಳೆಯುತ್ತಾರೆ. ನಾನು ಖಾನೆಯಲ್ಲಿ ಅಳೆಯುತ್ತೇನೆ. ಮದುವೆಯಾಗಿ ಶಹಾಪುರದಿಂದ ಸುರಪುರದ ಈ ಮನೆಗೆ ಬಂದಾಗ ನಾಲ್ಕನೆಯ ಖಾನೆಯಲ್ಲಿದ್ದೆ. ಈಗ ತಲೆ ನರೆತ ಮೇಲೆ ಎರಡನೆಯದಕ್ಕೆ ಬಂದು ಮುಟ್ಟಿದ್ದೇನೆ. ಸರಕಾರಿ ನೌಕರರಿಗೂ ಇಷ್ಟು ನಿಧಾನವಾಗಿ ಬಡ್ತಿ ಸಿಗಲಿಕ್ಕಿಲ್ಲ.

ಖಾನೆ ಅಂದರೆ ನಮ್ಮ ನಡುಮನೆಯ ಅಲಮಾರಿಯದು. ಇದಕ್ಕೆ ಬಾಗಿಲಿಲ್ಲ. ಒಂದರ ಮೇಲೊಂದು ನಾಲ್ಕು ಖಾನೆಗಳು, ಪ್ರತಿಯೊಂದಕ್ಕೂ ಎರಡು ಹಿತ್ತಾಳೆಯ ಹಿಡಿಕೆ. ಎರಡೂ ಕೈಯಿಂದ ಹಿಡಿದು ಸಮವಾಗಿ ಎಳೆದರೆ ಮಾತ್ರ ಬರುತ್ತವೆ. ಮೇಲಿನದು ನನ್ನ ಎದೆಯ ಎತ್ತರಕ್ಕಿದೆ, ಕೆಳಗಿನದು ನೆಲಕ್ಕೆ ಅಂಟಿಕೊಂಡಂತಿದೆ. ಬರ್ಮಾ ಸಾಗವಾನಿಯದು. ಇಷ್ಟು ವರ್ಷವಾದರೂ ಗೆದ್ದಲು ಅದರ ಹತ್ತಿರ ಸುಳಿದಿಲ್ಲ. ಇಂಥದ್ದು ಸುರಪುರದಲ್ಲಿ ಇನ್ನೊಂದಿಲ್ಲ. ಇದ್ದರೆ ಅದನ್ನು ನೋಡುವ ಆಸೆ ನನಗಿಲ್ಲ.

ಅದು ಮನೆಗೆ ಬಂದದ್ದು ನನ್ನ ಯಜಮಾನರ ಮುತ್ತಜ್ಜನ ಕಾಲಕ್ಕೆ. ನಿಜಾಮರ ಆಡಳಿತದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಸಾಹೇಬರೊಬ್ಬರು ಮುತ್ತಜ್ಜನ ಪ್ರಾಮಾಣಿಕತೆಗೆ ಮೆಚ್ಚಿ ಇನಾಮು ಕೊಟ್ಟರೆಂದು ಯಜಮಾನರು ಹೇಳುತ್ತಾರೆ. ಅತ್ತೆಯವರ ಪ್ರಕಾರ ಸಾಹೇಬರಿಗೆ ಹೈದರಾಬಾದಿಗೆ ವರ್ಗವಾಯಿತು, ಗಾಡಿಯಲ್ಲಿ ಅದು ಹಿಡಿಸಲಿಲ್ಲ, ಪಕ್ಕದ ಮನೆಯವರಿಗೆ ಬಿಟ್ಟು ಹೋದರು, ಅಷ್ಟೇ. ಮೊದಲ ಸಲ ಮನೆಗೆ ಬಂದವರಿಗೆ ನಾನು ಯಜಮಾನರ ಕಥೆಯನ್ನೇ ಹೇಳುತ್ತೇನೆ.

ಎರಡು ತಲೆಮಾರು ಅದು ಗಂಡಸರ ಸ್ವತ್ತಾಗಿತ್ತು. ಕಿರಾಣಿ ಅಂಗಡಿಯ ಹಳೆಯ ಕಾಗದಗಳು ಅದರಲ್ಲಿ ಹಾಯಾಗಿ ಮಲಗಿದ್ದವಂತೆ. ಆಮೇಲೆ ನನ್ನ ಅತ್ತೆಯ ಅತ್ತೆ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದವರು, ಸೊಸೆಯಂದಿರ ಇಳಕಲ್ ಸೀರೆಗಳು ಗಳುವಿನ ಮೇಲೆ ಧೂಳು ತಿನ್ನುತ್ತಿರುವಾಗ ಕಾಗದಕ್ಕೇಕೆ ಸಾಗವಾನಿ ಎಂದು ಕೇಳಿದರು. ಗಂಡಸರು ಉತ್ತರ ಹುಡುಕುವಷ್ಟರಲ್ಲಿ ಕಾಗದಗಳು ಗೋಡೆಯ ಗೂಡಿಗೆ ಹೋಗಿದ್ದವು. ಅಂದಿನಿಂದ ಅಲಮಾರಿ ಹೆಂಗಸರದು.

ಆಯಿಯೇ ಕಾಯಿದೆಯನ್ನೂ ಮಾಡಿದರು. ಮೇಲಿನ ಖಾನೆ ಮನೆಯ ಹಿರಿಯಳದು, ಕೆಳಗಿನದು ಹೊಸದಾಗಿ ಬಂದ ಸೊಸೆಯದು, ನಡುವಿನವರು ಸರದಿಯಂತೆ ಏರಬೇಕು. ಒಬ್ಬರ ಖಾನೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ, ಗಂಡನಾದರೂ ಸರಿ. ಖಾನಾ ಎಂದರೆ ಫಾರಸಿಯಲ್ಲಿ ಮನೆ ಎಂದೇ ಅರ್ಥ. ನಮ್ಮ ದವಾಖಾನೆ, ಕಾರಖಾನೆಗಳೆಲ್ಲ ಅದೇ ಮನೆತನದವು. ಆಯಿಗೆ ಫಾರಸಿ ಬರುತ್ತಿರಲಿಲ್ಲ. ಆದರೂ ತುಂಬಿದ ಮನೆಯಲ್ಲಿ ಪ್ರತಿ ಸೊಸೆಗೂ ಒಂದೊಂದು ಸ್ವಂತ ಮನೆ ಕೊಟ್ಟರು. ಅತ್ತೆಮನೆಗೆ ಬಂದ ಮೊದಲ ವರ್ಷ ಅಳು ಬಂದಾಗಲೆಲ್ಲ ನಾನು ನೆಲಕ್ಕೆ ಕೂತು ಆ ಕೆಳಗಿನ ಖಾನೆಯನ್ನು ಎಳೆದು, ತವರಿನ ಸೀರೆಗಳನ್ನು ಮತ್ತೆ ಮತ್ತೆ ಮಡಚಿಡುತ್ತಿದ್ದೆ. ಏನು ಹುಡುಕುತ್ತೀ ಎಂದು ಯಾರೂ ಕೇಳಲಿಲ್ಲ.

ಅತ್ತೆಯ ನೆಗೆಣ್ಣಿ, ನನ್ನ ಚಿಕ್ಕತ್ತೆ, ಬೇರೆ ಮನೆ ಮಾಡಿ ಕಕ್ಕೇರಾಕ್ಕೆ ಹೋದಾಗ ನಾನು ಮೂರನೆಯ ಖಾನೆಗೆ ಏರಿದೆ. ಆಯಿ ತೀರಿಕೊಂಡಾಗ ಅತ್ತೆ ಮೇಲಕ್ಕೆ ಹೋದರು, ನಾನು ಎರಡನೆಯದಕ್ಕೆ. ನನ್ನ ಹಿಂದೆ ನೆಗೆಣ್ಣಿ ಗಿರಿಜಾ ಬಂದಳು. ಹೋದ ವರ್ಷ ಮಗನ ಮದುವೆಯಾಗಿ ವಡಗೇರಾದಿಂದ ಸೊಸೆ ಪೂಜಾ ಬಂದಳು. ಶಹಾಪುರದ ಕಚೇರಿಯೊಂದರಲ್ಲಿ ನೌಕರಿ ಮಾಡುವ ಹುಡುಗಿ, ದಿನಾ ಬಸ್ಸಿಗೆ ಓಡುವವಳು. ಅವಳೂ ಮುಂಜಾನೆ ನೆಲಕ್ಕೆ ಕೂತೇ ಸೀರೆ ತೆಗೆಯಬೇಕು. ಕೆಳಗಿನ ಖಾನೆ ತುಸು ಬಿಗಿಯೆಂದು ಅವಳು ಮೇಣದ ಬತ್ತಿ ತಿಕ್ಕಿ ಅದನ್ನು ನುಣ್ಣಗೆ ಮಾಡಿಕೊಂಡಳು. ಇಷ್ಟು ವರ್ಷ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಭುಜ ಮುರಿದುಕೊಂಡರು. ಯಾದಗಿರಿಯಲ್ಲಿ ಚಿಕಿತ್ಸೆಯಾಗಿ, ಮೂಳೆ ಕೂಡಿ, ಮನೆಗೆ ಬಂದರು. ಓಡಾಡುತ್ತಾರೆ, ನೆಲಕ್ಕೆ ಕೂತು ಏಳುತ್ತಾರೆ. ಆದರೆ ಕೈ ಎದೆಯ ಮಟ್ಟದಿಂದ ಮೇಲೆ ಏಳುವುದಿಲ್ಲ. ಮೊದಲೇ ಗಿಡ್ಡ ಆಳು, ವಯಸ್ಸಿಗೆ ಬೆನ್ನು ಬೇರೆ ಬಾಗಿದೆ. ಮೇಲಿನ ಖಾನೆ ಈಗ ಅವರ ಹಣೆಯ ಎತ್ತರಕ್ಕೆ ಬರುತ್ತದೆ.

ಇದು ನಮಗೆ ತಿಳಿದದ್ದೇ ತಡವಾಗಿ. ಆಸ್ಪತ್ರೆಗೆ ಒಯ್ದಿದ್ದ ಎರಡೇ ಸೀರೆಗಳನ್ನು ಅತ್ತೆ ಒಗೆಸಿ ಒಗೆಸಿ ಉಡುತ್ತಿದ್ದರು. ಪೂಜೆಗೆ ಖಾನೆಯಲ್ಲಿದ್ದ ತಮ್ಮ ವಿಭೂತಿಗಟ್ಟಿ ಬಿಟ್ಟು ಯಜಮಾನರದನ್ನು ಕೇಳಿ ಪಡೆಯುತ್ತಿದ್ದರು. ಒಂದು ಮಧ್ಯಾಹ್ನ ಅವರು ಅಲಮಾರಿಯ ಮುಂದೆ ನಿಂತು ಹಿಡಿಕೆಗಳನ್ನು ಬರೀ ನೋಡುತ್ತಿದ್ದದ್ದು ಕಂಡೆ. ನಾನು ತೆಗೆದುಕೊಡುತ್ತೇನೆಂದು ಹತ್ತಿರ ಹೋದೆ.

“ನನ್ನ ಖಾನಿಗೆ ಇನ್ನೊಬ್ಬರ ಕೈ ಬೀಳೂದು ನಾ ಹೋದ ಮ್ಯಾಲ,” ಎಂದರು.

ಆಮೇಲೆ ಮನೆಯಲ್ಲಿ ಅವರಿಗೆ ಕೇಳಿಸದಂತೆ ಚರ್ಚೆಗಳು ನಡೆದವು. ಅಲಮಾರಿಯನ್ನೇ ಕೊಯ್ಸಿ ಗಿಡ್ಡ ಮಾಡೋಣವೆಂದು ಮಗ ಹೇಳಿದ. ಅವನನ್ನು ನಾನೇ ಸುಮ್ಮನಿರಿಸಿದೆ. ಅತ್ತೆಯ ಸಾಮಾನು ಕೆಳಗಿನ ಖಾನೆಗೆ ಇಳಿಸಿ ಮೇಲಿನದು ನೀನೇ ಇಟ್ಟುಕೋ ಎಂದು ಯಜಮಾನರು ನನಗೆ ಹೇಳಿದರು. ಆ ಮಾತು ಕೇಳಿ ನನಗೆ ಅರೆಗಳಿಗೆ ಖುಷಿಯಾದದ್ದು ಸುಳ್ಳಲ್ಲ. ಮೇಲಿನ ಖಾನೆಯಲ್ಲಿ ಏನೇನು ಎಲ್ಲೆಲ್ಲಿ ಇಡಬೇಕೆಂದು ನಾನು ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಆದರೆ ಮನೆಯ ಹಿರಿಯಳಿಗೆ, ನೀವು ನಿನ್ನೆ ಬಂದ ಸೊಸೆಯ ಜಾಗಕ್ಕೆ ಇಳಿಯಿರಿ ಎಂದು ಹೇಳುವ ಬಾಯಿ ಯಾರಿಗಿದೆ? ಯಜಮಾನರಿಗಂತೂ ಇರಲಿಲ್ಲ. ನನಗೂ ಬೇಕಿರಲಿಲ್ಲ. ಅವರನ್ನು ಕೆಳಗಿಳಿಸಿ ಗಳಿಸಿದ ಎತ್ತರದಲ್ಲಿ ನನ್ನ ಸೀರೆಗಳು ನೆಟ್ಟಗೆ ಕೂಡುತ್ತಿರಲಿಲ್ಲ.

ಒಂದು ರವಿವಾರ ಎಲ್ಲರೂ ಮನೆಯಲ್ಲಿದ್ದಾಗ ಅತ್ತೆ ತಾವಾಗಿಯೇ ನಡುಮನೆಗೆ ಬಂದರು. ಅಲಮಾರಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಪೂಜಾಳನ್ನು ಕರೆದು, ಅವಳ ಸಾಮಾನು ತೆಗೆದುಕೊಂಡು ಮೇಲಿನ ಖಾನೆಗೆ ಹೋಗಲು ಹೇಳಿದರು. ಹುಡುಗಿ ಹೆದರಿ ನನ್ನ ಮುಖ ನೋಡಿದಳು. ಮೊದಲು ಅತ್ತೆಯವರ ಸೀರೆಗಳು ಇಳಿಯಬೇಕಲ್ಲ. ಅದಕ್ಕೂ ಅವರೇ ಅಪ್ಪಣೆ ಕೊಟ್ಟರು. ನಾನು ಖಾನೆಯನ್ನು ಇಡಿಯಾಗಿ ಹೊರತೆಗೆದು ಅವರ ಮುಂದೆ ಇಡಬೇಕು, ಒಳಗೆ ಕೈ ಹಾಕುವವರು ಅವರು. ಹಾಗೆಯೇ ಮಾಡಿದೆ. ಆದರೂ ನನಗೆ ತಡೆಯಲಾಗಲಿಲ್ಲ.

“ಅತ್ತೀ, ನೀವು ಕೆಳಗಿನ ಖಾನಿಗಿ ಬರೂದಂದ್ರ ನಮಗ ಹ್ಯಾಂಗೋ ಅನಸ್ತದರಿ,” ಎಂದೆ.

ಅತ್ತೆ ತಲೆಯೆತ್ತಿ ನೋಡಿದರು. “ಕೆಳಗಿಂದು ಯಾವುದ? ನಾ ಎಲ್ಲಿ ಕುಂತೀನಿ, ಅದಽ ಮ್ಯಾಲಿನ ಖಾನಿ. ಇವತ್ತಿಂದ ಎಣಿಕಿ ಇಲ್ಲಿಂದ ಸುರು.”

ನನಗೆ ನಗು ಬಂತು, ಅದರ ಹಿಂದೆಯೇ ಹೆಮ್ಮೆಯೂ ಬಂತು. ರಾಜರು ಸಿಂಹಾಸನ ಇದ್ದಲ್ಲಿಗೆ ಹೋಗಿ ಕೂಡುತ್ತಾರೆ. ನಮ್ಮ ಅತ್ತೆ ಕೂತಲ್ಲಿಗೆ ಅದನ್ನು ಬರಮಾಡಿಕೊಂಡರು. ಸಾಗವಾನಿಯ ಬಗ್ಗೆ ಇಷ್ಟು ದಿನ ಜಂಬ ಕೊಚ್ಚಿದವಳಿಗೆ ಅಂದು ಆ ಮುದುಕಿಯ ಎದುರು ಮರ ಮರವಾಗಿಯೇ ಕಂಡಿತು.

ಎಣಿಕೆ ಕೆಳಗಿನಿಂದ ಶುರುವಾದ ಮೇಲೆ ಉಳಿದವರೂ ಕದಲಬೇಕಾಯಿತು. ಪೂಜಾ ತಲೆ ತಗ್ಗಿಸಿಕೊಂಡೇ ಮೇಲಕ್ಕೆ ಹೋದಳು. ಇನ್ನು ಬಸ್ಸಿನ ಹೊತ್ತಿಗೆ ನಿಂತಲ್ಲೇ ಸೀರೆ ತೆಗೆಯಬಹುದು. ಗಿರಿಜಾ ಎರಡನೆಯದಕ್ಕೆ ಏರಿದಳು. ನಾನು ನನ್ನ ಸೀರೆಗಳನ್ನು ಎದೆಗವಚಿಕೊಂಡು ಮೂರನೆಯದಕ್ಕೆ ಇಳಿದೆ. ಪದವಿ ಅದೇ, ಹಿರಿಯಳ ನಂತರದವಳು. ಆದರೆ ಆ ಖಾನೆಯನ್ನು ನಿಂತು ತೆರೆಯಲಾಗುವುದಿಲ್ಲ, ನೆಲಕ್ಕೆ ಕೂಡಬೇಕು.

ಈ ಮನೆಯಲ್ಲಿ ನಾನು ಅತ್ತೆಯೊಡನೆ ನಿಂತೇ ಮಾತಾಡಿದವಳು. ಅವರು ಕೂತಿದ್ದರೆ ನಾನು ಬಾಗಿಲ ಚೌಕಟ್ಟು ಹಿಡಿದಿರುತ್ತಿದ್ದೆ. ಕೂಡಬೇಡವೆಂದು ಅವರು ಹೇಳಿರಲಿಲ್ಲ, ಕೂಡು ಎಂದೂ ಹೇಳಿರಲಿಲ್ಲ. ಅಂದು ಗೋಡೆ ಹಿಡಿದು, ಮೊಣಕಾಲುಗಳನ್ನು ಮನಸ್ಸಿನಲ್ಲೇ ಬೈಯುತ್ತ, ಅವರ ಪಕ್ಕಕ್ಕೆ ಮೆಲ್ಲಗೆ ಕುಸಿದೆ. ಅತ್ತೆ ಸೀರೆಗಳನ್ನು ಬದಿಗೆ ಸರಿಸಿ ನನಗೆ ಜಾಗ ಮಾಡಿದರು.

“ಕಾಲ ಚಾಚ್ಕೊಂಡು ಕುಂದ್ರು. ನಿನ್ನ ಮೊಣಕಾಲ ನೋಯ್ತಾವಂತ ನನಗೇನು ಗೊತ್ತಿಲ್ಲೇನು?”

ಇಷ್ಟು ವರ್ಷ ಏರಿದರೂ ಸಿಗದ ಜಾಗ ಒಂದು ಖಾನೆ ಇಳಿದದ್ದಕ್ಕೆ ಸಿಕ್ಕಿತ್ತು. ನಾನು ಕಾಲು ಚಾಚಿದೆ.